ಎಡಮಗ್ಗುಲ ಚುಕ್ಕೆ

"ಇದು ಆ ಮೀನಲ್ಲ," ಎಂದರು ಸಾಹೇಬರು, ಗಾಜಿನಿಂದ ಮೂಗು ತೆಗೆಯದೆ.

ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಟ್ಟಿದ್ದಷ್ಟೇ. ಸೂಜಿ ಚುಚ್ಚಿದ ಜಾಗದ ಹತ್ತಿ ಇನ್ನೂ ಮುಂಗೈಗೆ ಅಂಟಿಕೊಂಡಿತ್ತು. ಹೆಂಡತಿ ಬಟ್ಟೆಯ ಚೀಲವನ್ನು ಕುರ್ಚಿಯ ಮೇಲಿಟ್ಟು, "ಯಾವ ಮೀನು?" ಎಂದಳು.

"ಕಪ್ಪು ಚುಕ್ಕೇದು."

"ಅಲ್ಲೇ ಇದೆಯಲ್ಲ ಕಣ್ಣೆದುರಿಗೆ. ಚುಕ್ಕೇನೂ ಇದೆ."

"ಚುಕ್ಕೆ ಎಡಮಗ್ಗುಲಲ್ಲಿತ್ತು. ಈಗ ಬಲಮಗ್ಗುಲಲ್ಲಿದೆ."

"ತಿರುಗಿಕೊಂಡಿರುತ್ತೆ ಬಿಡಿ."

"ಮೀನು ತಿರುಗಿದ್ರೆ ಚುಕ್ಕೆ ಮಗ್ಗುಲು ಬದಲಾಯಿಸುತ್ತಾ?"

ಆಕೆ ಕಾಫಿಗೆ ನೀರಿಡುತ್ತೇನೆ ಎಂದು ಒಳಗೆ ಹೋದಳು. ಸಾಹೇಬರಿಗೆ ಮೀನಿಗಿಂತ ಇದೇ ಹೆಚ್ಚು ವಿಚಿತ್ರವಾಗಿ ಕಂಡಿತು. ಮದುವೆಯಾದಾಗಿನಿಂದ ಇವರದು ಒಂದು ಮಾತಾದರೆ ಅವಳದು ಮೂರು. ಹೀಗೆ ಬಾಯಿಗೆ ಬಂದ ಜಗಳವನ್ನು ಬಿಟ್ಟುಕೊಟ್ಟು ಎದ್ದುಹೋಗುವ ಹೆಂಗಸಲ್ಲ ಅವಳು.

ಸಾಹೇಬರು ಅಂದರೆ ದೊಡ್ಡ ಅಧಿಕಾರಿಯೇನಲ್ಲ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಡಿಪೋದ ಕಂಡಕ್ಟರುಗಳು ಎದುರಿಗೆ ಸಾಹೇಬರು ಎನ್ನುತ್ತಿದ್ದರು, ಬೆನ್ನ ಹಿಂದೆ ಗಿಡುಗ ಎನ್ನುತ್ತಿದ್ದರು. ಬಸ್ಸು ಹತ್ತಿದ ಕೂಡಲೇ ಟಿಕೆಟ್ ಕೇಳುವವರಲ್ಲ ಅವರು. ಕಂಬ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತು ಮುಖಗಳನ್ನು ನೋಡುತ್ತಿದ್ದರು. ಒಬ್ಬನಿಗೆ ಇದ್ದಕ್ಕಿದ್ದಂತೆ ಕಿಟಕಿಯಾಚೆಯ ನೋಟ ಬಹಳ ಇಷ್ಟವಾಗಿಬಿಡುತ್ತಿತ್ತು, ಇನ್ನೊಬ್ಬಳಿಗೆ ಅದೇ ಕ್ಷಣಕ್ಕೆ ನಿದ್ದೆ ಹತ್ತುತ್ತಿತ್ತು. ನೇರ ಅವರ ಬಳಿಗೇ ಹೋಗಿ, ಮಗುವನ್ನು ಎಬ್ಬಿಸುವ ದನಿಯಲ್ಲಿ "ಟಿಕೆಟ್?" ಎನ್ನುತ್ತಿದ್ದರು. ತಪ್ಪಿದ್ದು ಕಡಿಮೆ.

ನಿವೃತ್ತಿಯಾದ ಮೇಲೂ ಆ ಕಣ್ಣು ಮುಚ್ಚಲಿಲ್ಲ. ಹೊಟ್ಟೆಯಲ್ಲೊಂದು ಗಂಟು ಬೆಳೆದು, ಅದನ್ನು ತೆಗೆಸಿಕೊಂಡು ಮನೆಯಲ್ಲೇ ಕೂರಬೇಕಾಗಿ ಬಂದಾಗಂತೂ ಇಡೀ ಮನೆಯೇ ಅವರಿಗೆ ಬಸ್ಸಾಯಿತು. ಹಾಲಿಗೆ ನೀರು ಬೆರೆತಿದೆ ಎಂದರು. ಪಕ್ಕದ ಮನೆಯವರು ನಮ್ಮ ಮೀಟರಿನಿಂದ ದೀಪ ಉರಿಸುತ್ತಿದ್ದಾರೆ ಎಂದರು. ಅಡಿಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ನೋಡತೊಡಗಿದಾಗ ಹೆಂಡತಿ ಕೈಮುಗಿದು, "ಇವರಿಗೆ ಏನಾದ್ರೂ ಕೆಲಸ ಕೊಡೇ ತಾಯಿ, ಇಲ್ಲಾಂದ್ರೆ ನನಗೆ ಹುಚ್ಚು ಹಿಡಿಯುತ್ತೆ," ಎಂದು ಸೊಸೆಗೆ ಮೊರೆಯಿಟ್ಟಳು.

ಸೊಸೆಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ನಲ್ಲಿಗಳಿಗೆ ಬಿಡುವ ನೀರನ್ನು ಪರೀಕ್ಷೆ ಮಾಡುವವಳು. ಒಂದು ಸಂಜೆ ಆಟೋದಲ್ಲಿ ಗಾಜಿನ ತೊಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಜೊತೆಗಾತಿಯೊಬ್ಬಳು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದಂತೆ. ಬಿಸಿಲು ನೇರವಾಗಿ ಬೀಳದ ಕಡೆ, ಸಾಹೇಬರ ಕುರ್ಚಿಗೆ ಎದುರಾಗಿ, ಗಟ್ಟಿ ಮೇಜಿನ ಮೇಲೆ ಅದನ್ನಿಟ್ಟಳು. ಸಣ್ಣ ಕಲ್ಲುಗಳನ್ನು ನೀರು ತಿಳಿಯಾಗುವ ತನಕ ತೊಳೆದು ಹಾಸಿದಳು. ನಾಲ್ಕಾರು ಜಲಗಿಡ ನೆಟ್ಟಳು. ಬಕೆಟ್ಟಿನಲ್ಲಿ ಹಿಂದಿನ ದಿನವೇ ಹಿಡಿದಿಟ್ಟಿದ್ದ ನೀರನ್ನು ತಟ್ಟೆಯೊಂದರ ಮೇಲೆ ಮೆಲ್ಲಗೆ ಸುರಿದು ತುಂಬಿಸಿ, ಮೂಲೆಯಲ್ಲಿ ಫಿಲ್ಟರ್ ಸಿಕ್ಕಿಸಿ ಚಾಲೂ ಮಾಡಿದಳು. ಅದು ಗುಳುಗುಳು ಎನ್ನತೊಡಗಿತು.

"ಮೀನೆಲ್ಲಿ?" ಎಂದರು ಸಾಹೇಬರು.

"ಮೀನು ಆಮೇಲೆ ಮಾವ. ಮೊದಲು ನೀರು ಹದಕ್ಕೆ ಬರಬೇಕು."

"ನಲ್ಲಿ ನೀರು ತಾನೇ? ನಿಮ್ಮ ಕಚೇರಿದೇ. ಅದಕ್ಕೆಂಥ ಹದ?"

"ನಮ್ಮ ಕಚೇರಿದು ಅಂತಲೇ ಹೇಳ್ತಿರೋದು. ಕ್ಲೋರಿನ್ ಹಾಕಿ ಕಳಿಸಿರ್ತೀವಿ. ನಮಗೆ ಒಳ್ಳೇದು, ಮೀನಿಗೆ ವಿಷ. ಅದು ಹೋದ್ರೂ ಸಾಲದು. ಮೀನಿನ ಹೊಲಸು ನೀರಲ್ಲೇ ಕೊಳೆತು ವಿಷ ಆಗುತ್ತೆ. ಆ ವಿಷ ತಿನ್ನೋ ಸೂಕ್ಷ್ಮಜೀವಿಗಳು ಈ ಸ್ಪಂಜಿನಲ್ಲಿ, ಕಲ್ಲಿನಲ್ಲಿ ಮನೆ ಮಾಡ್ಬೇಕು. ವಾರಗಟ್ಟಲೆ ಬೇಕು ಅದಕ್ಕೆ."

"ಕಣ್ಣಿಗೆ ಕಾಣ್ತಾವಾ?"

"ಇಲ್ಲ."

"ಕಾಣದೇ ಇರೋರನ್ನ ನಂಬು ಅಂತೀಯಾ."

ಅವಳು ನಕ್ಕು, ಮೀನಿಲ್ಲದ ಆ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕಲು ಹೇಳಿದಳು. ಅದು ಕೊಳೆತರೆ ಆ ಕಾಣದ ಜೀವಿಗಳಿಗೆ ಊಟವಂತೆ. ಇಲ್ಲದವರಿಗೆ ಎಲೆ ಹಾಕುವ ಈ ಕೆಲಸ ಸಾಹೇಬರಿಗೆ ಶುದ್ಧ ಮೋಸದಂತೆ ಕಂಡರೂ, ತಪ್ಪದೆ ಹಾಕಿದರು. ನೀರು ಒಮ್ಮೆ ಹಾಲಿನಂತೆ ಮಂಕಾಗಿ, ತಾನಾಗಿಯೇ ತಿಳಿಯಾಯಿತು. ಸೊಸೆ ಕಚೇರಿಯಿಂದ ಕಾಗದದ ಪಟ್ಟಿ ತಂದು ನೀರಿಗದ್ದಿ, ಬಣ್ಣ ನೋಡಿ, "ಈಗ ತರಬಹುದು" ಎಂದ ದಿನ ಮಾವ ಸೊಸೆ ಇಬ್ಬರೂ ಸೇರಿ ಅವಳ ಸ್ನೇಹಿತೆಯೊಬ್ಬಳಿಗೆ ಹೇಳಿ ಗಪ್ಪಿ ಎಂಬ ಪುಟ್ಟ ಬಣ್ಣದ ಮೀನುಗಳನ್ನು ತರಿಸಿದರು. ಎಲ್ಲ ಗಂಡೇ, ಬೆರಳೆಣಿಕೆಯಷ್ಟೇ. ತೊಟ್ಟಿ ಸಣ್ಣದು, ಗುಂಪು ಸೇರಿಸಬಾರದು ಎಂದು ಸೊಸೆ ಕಟ್ಟುನಿಟ್ಟು ಮಾಡಿದ್ದಳು. ಮೀನಿದ್ದ ಚೀಲವನ್ನು ಹಾಗೇ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸುಪಿಗೆ ಬಂದ ಮೇಲೆ ಅವನ್ನು ಬಿಟ್ಟರು.

ಅಲ್ಲಿಂದ ಮುಂದೆ ಅಡಿಗೆಮನೆಯ ಡಬ್ಬಿಗಳು ಉಳಿದುಕೊಂಡವು. ಸಾಹೇಬರು ಬೆಳಗಿನಿಂದ ಸಂಜೆಯತನಕ ಮೀನು ಕಾದರು. ಒಂದಕ್ಕೆ ಎಡಮಗ್ಗುಲಲ್ಲಿ, ಬಾಲದ ಬುಡಕ್ಕೆ ಕೊಂಚ ಮುಂದೆ, ಪೆನ್ನಿನ ತುದಿಯೊತ್ತಿದ ಹಾಗೆ ಒಂದು ಕಪ್ಪು ಚುಕ್ಕೆ. ಅದು ಬಾಗಿಲ ಕಡೆ ಈಜುವಾಗ ಚುಕ್ಕೆ ಕಾಣುತ್ತಿತ್ತು, ಫಿಲ್ಟರಿನ ಕಡೆ ಹೋಗುವಾಗ ಕಾಣುತ್ತಿರಲಿಲ್ಲ. ಈಗ ಇದು ತಿರುವುಮುರುವಾಗಿತ್ತು.

ಅವರು ಈ ಸಲ ಆಸ್ಪತ್ರೆಗೆ ಹೋಗಿದ್ದು ಸುಮ್ಮನೆ ಒಂದು ಸಲ ನೋಡಿ ಕಳಿಸುತ್ತಾರೆ ಎಂದು. ಹೋದವರನ್ನು ಅಲ್ಲೇ ಮಲಗಿಸಿಕೊಂಡು, ಸ್ಕ್ಯಾನು, ರಕ್ತ ಎಂದು ಕೆಲವು ದಿನ ತಡೆದರು. "ಏನೂ ಇಲ್ಲ, ನಿಶ್ಶಕ್ತಿ ಅಷ್ಟೇ," ಎಂದು ಮಗ ಹೇಳಿದ. ವಿದ್ಯುತ್ ಕೇಂದ್ರದಲ್ಲಿ ರಾತ್ರಿ ಪಾಳಿಯವನು ಅವನು, ಹಗಲೆಲ್ಲ ನಿದ್ದೆ. ಮನೆಯಲ್ಲಿ ಇದ್ದೂ ಇಲ್ಲದವನು. ಅಂಥವನು ಈಗ ನಿದ್ದೆಗೆಟ್ಟು ಬಂದು ಅಪ್ಪನ ಪಕ್ಕದಲ್ಲಿ ಕೂತು, ಅವರು ನೋಡುವ ವಾರ್ತೆಯನ್ನೇ ತಾನೂ ನೋಡತೊಡಗಿದ್ದ. ಸಾಹೇಬರು ಓರೆಗಣ್ಣಿನಲ್ಲಿ ಅವನನ್ನು ನೋಡಿದರು. ಅವನು ಟಿವಿಯಿಂದ ಕಣ್ಣು ಕೀಳಲಿಲ್ಲ. ಆಗ ಬರುತ್ತಿದ್ದುದು ಜಾಹೀರಾತು.

ಮಾರನೆಯ ದಿನ ಬೆಳಿಗ್ಗೆ ಅವರು ಫಿಲ್ಟರನ್ನು ಬಿಚ್ಚಿದರು. ಒಳಗಿದ್ದ ಸ್ಪಂಜು ನೀಲಿ. ಇವರ ಸ್ಪಂಜು ಕಪ್ಪಗಿತ್ತು. ಸೊಸೆ ಕಚೇರಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

"ಸ್ಪಂಜು ಬದಲಾಗಿದೆ," ಎಂದರು.

"ಹೌದು ಮಾವ. ಹಳೇದು ಹರಿದಿತ್ತು. ಹೊಸದು ಹಾಕಿದೆ."

"ಹೊಸದು ಇಷ್ಟು ಬೇಗ ಲೋಳೆ ಕಟ್ಟಿತಾ? ನೋಡಿದ್ರೆ ವರ್ಷದಿಂದ ನೀರಲ್ಲಿದ್ದ ಹಾಗಿದೆ."

ಸೊಸೆ ತಲೆಯೆತ್ತಿ ಅವರ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ರೆಪ್ಪೆ ಬಡಿಯಲಿಲ್ಲ. "ಈ ಕಂಪನಿದು ಹಾಗೇ ಮಾವ. ನಂಗೆ ಬಸ್ಸು ತಪ್ಪುತ್ತೆ," ಎಂದು ಮೆಟ್ಟಿಲಿಳಿದು ಹೋದಳು.

ಸಾಹೇಬರು ಒದ್ದೆ ಸ್ಪಂಜನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಕಿಟಕಿಯಾಚೆ ನೋಡುವವರು ಹೊಸಬರು. ಪಳಗಿದವರು ಹೀಗೇ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ.

ಆ ದಿನವಿಡೀ ಅವರು ಮೀನನ್ನು ಬಿಟ್ಟು ಮನೆಯನ್ನು ಕಾದರು. ಊಟದಲ್ಲಿ ಅರ್ಧ ಬಿಟ್ಟು ಎದ್ದರು, ಯಾರೂ ಬಯ್ಯಲಿಲ್ಲ. ಪಕ್ಕದ ಮನೆಯವರ ಮೇಲೆ ಮೀಟರಿನ ದೂರು ಮತ್ತೆ ತೆಗೆದರು, ಹೆಂಡತಿ "ಹೌದು, ಇರಬಹುದು" ಎಂದಳು. ಸಾಹೇಬರು ತಿರುಗಿ ನೋಡಿದರು. ಇವಳು ಹೌದು ಎನ್ನುತ್ತಿದ್ದಾಳೆ! ಮಧ್ಯಾಹ್ನ ಅವರು ಬೇಕೆಂದೇ ಅವಳ ತಮ್ಮನನ್ನು ಬಯ್ದು ನೋಡಿದರು. ತವರಿನ ಸುದ್ದಿಗೆ ಹೋದರೆ ಹೆಡೆ ಎತ್ತುತ್ತಿದ್ದವಳು, ಇವರ ಹೊದಿಕೆಯ ಅಂಚನ್ನು ಸರಿಮಾಡಿ ಹೊರಟುಹೋದಳು. ಮೇಜಿನ ಬಳಿ ಮಾತ್ರ ಒಂದು ಸಲವೂ ಸುಳಿಯಲಿಲ್ಲ. ಮೀನಿನ ತೊಟ್ಟಿಯನ್ನು ಸುತ್ತುಹಾಕಿಕೊಂಡು, ಗೋಡೆಗೆ ಒತ್ತಿ ನಡೆಯುತ್ತಿದ್ದಳು.

ಸಂಜೆಗೆ ಮುಂಚೆ, ಅವಳು ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ, ಸಾಹೇಬರು ಕೋಲು ಹಿಡಿದು ಮೆಲ್ಲಗೆ ಹೊರಬಿದ್ದರು. ಮೀನಿನಂಗಡಿ ಎರಡು ಬೀದಿಯಾಚೆ, ಸೈಕಲ್ ರಿಪೇರಿಯವನಿಗೂ ಗಾಜಿನ ಅಂಗಡಿಗೂ ನಡುವೆ ಇತ್ತು. ಅವರು ಅದರೊಳಗೆ ಎಂದೂ ಕಾಲಿಟ್ಟಿರಲಿಲ್ಲ. ಅರೆಗತ್ತಲು, ಸಾಲುಸಾಲು ತೊಟ್ಟಿಗಳ ಹಸಿರು ಬೆಳಕು, ಪಾಚಿಯ ವಾಸನೆ. ಅಂಗಡಿಯವನು ಬಲೆಯಲ್ಲಿ ಎಲೆಚೂರು ಎತ್ತುತ್ತಿದ್ದ. ಸಾಹೇಬರು ತಾವು ಯಾರೆಂದು ಹೇಳದೆ, ಮಾಮೂಲಿ ಗಿರಾಕಿಯ ಹಾಗೆ ಕೇಳಿದರು:

"ಗಂಡು ಗಪ್ಪಿ ಬೇಕಾಗಿತ್ತು. ಎಡಮಗ್ಗುಲಲ್ಲಿ ಒಂದು ಕಪ್ಪು ಚುಕ್ಕೆ ಇರೋದು."

ಅಂಗಡಿಯವನು ಬಲೆ ಕೆಳಗಿಟ್ಟು ಜೋರಾಗಿ ನಕ್ಕ. "ಏನ್ ಸಾರ್, ಊರಿಗೆಲ್ಲ ಇದೇ ಹುಚ್ಚು ಹಿಡೀತಾ? ಮೊನ್ನೆ ಅತ್ತೆ ಸೊಸೆ ಇಬ್ಬರು ಬಂದು ಇದೇ ಕೇಳಿದ್ರು. ಈ ತೊಟ್ಟಿಯಲ್ಲಿರೋ ಅಷ್ಟೂ ಗಪ್ಪೀನ ಒಂದೊಂದಾಗಿ ಹಿಡಿಸಿದ್ರು. ಎಡಗಡೇದು ಸಿಗಲೇ ಇಲ್ಲ. ಕೊನೆಗೆ ಮಿಕ್ಕ ಮೀನಿನ ಜೊತೆ ಬಲಗಡೆ ಇರೋದನ್ನೇ ತಗೊಂಡು ಹೋದ್ರು."

"ಅವರ ಮೀನಿಗೆ ಏನಾಗಿತ್ತಂತೆ?"

"ಆ ಅತ್ತೆಯಮ್ಮ ತೊಟ್ಟೀನ ಪಾತ್ರೆ ಬೆಳಗಿದ ಹಾಗೆ ಬೆಳಗಿಬಿಟ್ಟಿದ್ದಾರೆ. ಕಲ್ಲು, ಸ್ಪಂಜು ಎಲ್ಲಾನೂ ಸೋಪು ಹಾಕಿ ತಿಕ್ಕಿ, ನಲ್ಲಿ ನೀರು ನೇರವಾಗಿ ತುಂಬಿಸಿ. ಉಳಿಯುತ್ತಾ ಮೀನು? ಒಂದೂ ಉಳೀಲಿಲ್ಲ. ಸೊಸೆಗೆ ವಿಷಯ ಗೊತ್ತಿತ್ತು, ಪಳಗಿದ ಸ್ಪಂಜು ಇದ್ರೆ ಕೊಡಿ ಅಂದ್ರು. ನನ್ನ ತೊಟ್ಟೀದೇ ಬಿಚ್ಚಿ ಕೊಟ್ಟೆ. ಇಲ್ಲಾಂದ್ರೆ ಹೊಸ ಮೀನೂ ಹೋಗ್ತಿದ್ವು."

ಸಾಹೇಬರಿಗೆ ಒಳಗೊಳಗೇ ಹಿಗ್ಗಾಯಿತು. ಕಣ್ಣು ಮೋಸ ಹೋಗಿಲ್ಲ. ಸಿಕ್ಕಿಬಿದ್ದರು ಇಬ್ಬರೂ. ಹೊರಡಲು ಕೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು. ಅಂಗಡಿಯವನ ಮಾತಿನ್ನೂ ಮುಗಿದಿರಲಿಲ್ಲ.

"ನಗಬಾರ್ದು ಸಾರ್, ಪಾಪ. ಆಯಮ್ಮ ಇದೇ ಸ್ಟೂಲಿನ ಮೇಲೆ ಕೂತು ಅತ್ತರು. 'ನಮ್ಮ ಯಜಮಾನ್ರಿಗೆ ಗೊತ್ತಾಗಬಾರ್ದು ಕಣಪ್ಪ, ಈಗ ಇನ್ನೊಂದು ಸಂಕಟ ಅವರಿಗೆ ಬೇಡ' ಅಂತ."

"ಇನ್ನೊಂದು ಅಂದ್ರಾ?"

"ಹೂಂ."

"ಮೊದಲನೇದು ಯಾವುದಂತೆ?"

"ಅದನ್ನ ನಾನು ಕೇಳಲಿಲ್ಲ ಸಾರ್. ಮುಖ ನೋಡಿದ್ರೆ ಕೇಳೋ ಹಾಗಿರಲಿಲ್ಲ." ಅಷ್ಟರಲ್ಲಿ ಅವನ ದೃಷ್ಟಿ ಸಾಹೇಬರ ಕೋಲಿನ ಮೇಲೆ, ಸಡಿಲವಾಗಿ ಜೋತ ಅಂಗಿಯ ಮೇಲೆ, ಮುಂಗೈಯ ನೀಲಿ ಕಲೆಯ ಮೇಲೆ ಹರಿದು ನಿಂತಿತು. ನಗು ಅಲ್ಲೇ ಆರಿಹೋಯಿತು. "ಸಾರ್... ಕೂತ್ಕೊಳ್ಳಿ. ನೀರು ಕೊಡ್ಲಾ?"

"ಬೇಡ," ಎಂದರು ಸಾಹೇಬರು. ಬಂದ ದಾರಿಯಲ್ಲೇ ತಿರುಗಿದರು.

ದಾರಿಯುದ್ದಕ್ಕೂ 'ಇನ್ನೊಂದು' ಎಂಬ ಆ ಪದ ಅವರ ಬೆನ್ನು ಹತ್ತಿ ಬಂತು. ನಿಶ್ಶಕ್ತಿ ಎಂದ ಮಗ, ಹೌದು ಎಂದ ಹೆಂಡತಿ, ಆಸ್ಪತ್ರೆಯಲ್ಲಿ ಬಾಗಿಲಾಚೆ ಪಿಸುಗುಟ್ಟಿದ ವೈದ್ಯರು, ಎಲ್ಲರೂ ಸೇರಿ ತಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ. ಮೀನಿನ ಸಾವನ್ನೇ ಇಷ್ಟು ನಾಜೂಕಾಗಿ ಮುಚ್ಚಿದವರು ಇನ್ನೇನನ್ನು ಮುಚ್ಚಿರಲಿಕ್ಕಿಲ್ಲ? ಅಂಗಡಿಯಿಂದ ನಾಲ್ಕು ಹೆಜ್ಜೆಗೇ ಮೋರಿಯ ಕಟ್ಟೆಯ ಮೇಲೆ ಕೂತು ಉಸಿರು ತಿರುಗಿಸಿಕೊಂಡರು. ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಿಗದ್ದಿ ಗುಳ್ಳೆ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದುದನ್ನು, ಏನೂ ಅರ್ಥವಾಗದೆ ಬಹಳ ಹೊತ್ತು ನೋಡಿದರು.

ಮನೆಗೆ ಬಂದಾಗ ಹೆಂಡತಿ ಗಾಬರಿಯಿಂದ ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿಗೆ ಹೋಗಿದ್ರಿ ಒಂದು ಮಾತೂ ಹೇಳ್ದೆ?"

"ಮೀನಿನಂಗಡಿಗೆ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೇ ಕೂತುಬಿಟ್ಟಳು. ಕಟ್ಟೆಯೊಡೆದ ಹಾಗೆ ಮಾತು ಬಂತು. "ಬಟ್ಟೆ ತರೋಕೆ ಅಂತ ಆಸ್ಪತ್ರೆಯಿಂದ ಮನೆಗೆ ಬಂದಿದ್ದೆ. ಕೈಕಾಲು ಆಡ್ತಿರಲಿಲ್ಲ. ಏನಾದ್ರೂ ಮಾಡ್ಬೇಕು ಅನ್ನಿಸ್ತು. ನೀವು ಬರೋ ಹೊತ್ತಿಗೆ ನಿಮ್ಮ ತೊಟ್ಟಿ ಫಳಫಳ ಅಂತಿರಲಿ ಅಂತ ತಿಕ್ಕಿದೆ ಕಣ್ರೀ. ತಿಕ್ಕಿದಷ್ಟೂ ತಿಕ್ಕಿದೆ. ಸಾಯುತ್ವೆ ಅಂತ ನನಗೇನು ಗೊತ್ತು."

"ಮೀನು ಹಾಳಾಗಿ ಹೋಗಲಿ. ಇನ್ನೊಂದು ಸಂಕಟ ಅಂದ್ಯಂತೆ. ಮೊದಲನೇದು ಹೇಳು."

ಹೆಂಡತಿ ತಲೆ ತಗ್ಗಿಸಿದಳು.

"ನನಗೇ ಸುಳ್ಳು ಹೇಳ್ತೀಯಾ? ಇಷ್ಟು ವರ್ಷ ಜೊತೆಗಿದ್ದು?"

"ನೀವೇ ಹೇಳಿದ್ರಲ್ಲ!" ಎಂದಳು ಆಕೆ, ಇದ್ದಕ್ಕಿದ್ದಂತೆ ತನ್ನ ಹಳೆಯ ದನಿಯಲ್ಲಿ. "ಆಪರೇಷನ್ನಿಗೆ ತಳ್ಳಿಕೊಂಡು ಹೋಗ್ತಿದ್ದಾಗ ನನ್ನ ಕೈ ಹಿಡಿದು ನೀವೇ ಹೇಳಿದ್ರಿ. ಕೆಟ್ಟದ್ದೇನಾದ್ರೂ ಸಿಕ್ಕಿದ್ರೆ ನನಗೆ ಹೇಳ್ಬೇಡ, ಮಾತು ಕೊಡು ಅಂತ. ಬಾಗಿಲು ಮುಚ್ಚೋವರೆಗೂ ಮಾತು ಕೊಡು, ಮಾತು ಕೊಡು ಅಂತಿದ್ರಿ. ಕೊಟ್ಟೆ. ನಾನೇನು ಮಾಡ್ಲಿ?"

ಸಾಹೇಬರಿಗೆ ನೆನಪಿರಲಿಲ್ಲ. ಮತ್ತಿನ ಮದ್ದು ಒರೆಸಿಹಾಕಿತ್ತೋ, ತಾವೇ ಒರೆಸಿಕೊಂಡಿದ್ದರೋ. ಈಗ ಅವಳು ಹೇಳಿದ ಮೇಲೆ ಚಾವಣಿಯ ದೀಪಗಳು ಒಂದರ ಹಿಂದೊಂದು ಸರಿದದ್ದು, ಅಂಗೈಯೊಳಗೆ ಅವಳ ಮಣಿಕಟ್ಟಿದ್ದದ್ದು ಮಸುಕಾಗಿ ಕಂಡಿತು. ಟಿಕೆಟ್ಟಿಲ್ಲದೆ ಕೂತಿದ್ದವರು ಯಾರೆಂದು ಇಷ್ಟು ದಿನ ಬಸ್ಸೆಲ್ಲ ಹುಡುಕಿದ್ದರು, ತಮ್ಮ ಸೀಟೊಂದನ್ನು ಬಿಟ್ಟು.

ಅವರೂ ಗೋಡೆ ಹಿಡಿದು ನಿಧಾನವಾಗಿ ಹೊಸ್ತಿಲ ಇನ್ನೊಂದು ತುದಿಯಲ್ಲಿ ಕೂತರು. "ಆ ಮಾತು ವಾಪಸ್ ತಗೊಂಡೆ," ಎಂದರು. "ಈಗ ಹೇಳು."

ಆಕೆ ಹೇಳಿದಳು. ರೋಗದ ಹೆಸರನ್ನು ಮಾತ್ರ ನಾಲಗೆಗೆ ತರಲಾರದೆ "ಅದೇ" ಎಂದಳು. ತೆಗೆದ ಗಂಟು ಒಳ್ಳೆಯದಾಗಿರಲಿಲ್ಲ, ಆದರೆ ಪೂರ್ತಿ ತೆಗೆದಾಯಿತು ಎಂದಿದ್ದರು ಆಗ. ಈಗಿನ ಸ್ಕ್ಯಾನಿನಲ್ಲಿ ಪಿತ್ತಕೋಶದ ಪಕ್ಕ ಮತ್ತೆ ಕಂಡಿದೆ. ಡ್ರಿಪ್ಪಿನಲ್ಲಿ ಔಷಧಿ ಕೊಡಬೇಕಂತೆ, ತಡ ಮಾಡಬಾರದಂತೆ. ಶಕ್ತಿ ಬರುವುದಕ್ಕೆ ಎಂದು ಸುಳ್ಳು ಹೇಳಿ ಕರೆದೊಯ್ಯೋಣವೆಂದು ಮಗ. ಮಾವನಿಗೆ ಹೇಳಲೇಬೇಕು ಎಂದು ಸೊಸೆ. ಕೊಟ್ಟ ಮಾತು ಬಿಡುವುದಿಲ್ಲ ಎಂದು ತಾನು. ಮೂವರೂ ಅಡಿಗೆಮನೆಯಲ್ಲಿ ದನಿ ಎತ್ತದೆ ಜಗಳವಾಡಿದ್ದರು.

ಅಷ್ಟರಲ್ಲಿ ಸೊಸೆ ಕಚೇರಿಯಿಂದ ಬಂದಳು. ಹೊಸ್ತಿಲಿನ ಎರಡು ತುದಿಯಲ್ಲಿ ಕೂತ ಇಬ್ಬರನ್ನೂ ನೋಡಿ ಗೇಟಿನ ಬಳಿಯೇ ನಿಂತಳು. "ಹೇಳಿಬಿಟ್ರಾ ಅತ್ತೆ?"

"ಬೆಳಿಗ್ಗೆ ನನ್ನ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳ್ದೆ," ಎಂದರು ಸಾಹೇಬರು.

"ಹೌದು ಮಾವ."

"ಚೆನ್ನಾಗಿ ಹೇಳ್ದೆ." ಆಮೇಲೆ, "ಗುಣ ಆಗುತ್ತಂತಾ?"

ಸೊಸೆ ಈ ಸಲ ಬೇರೆಡೆ ನೋಡಿದಳು, ಮತ್ತೆ ಅವರ ಕಡೆ ತಿರುಗಿದಳು. "ಆಗುತ್ತೆ ಅಂತ ಹೇಳಲಿಲ್ಲ ಮಾವ. ಬೆಳೀದ ಹಾಗೆ ತಡೀಬಹುದು ಅಂದ್ರು. ಎಷ್ಟು ದಿನ ಅಂತ ಕೇಳಿದೆ. ಅದನ್ನೂ ಹೇಳಲಿಲ್ಲ."

ಸಾಹೇಬರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಸುಳ್ಳೇನೂ ಸಿಕ್ಕಲಿಲ್ಲ. "ಸರಿ. ಹೋಗೋಣ," ಎಂದರು. ದನಿ ಗಟ್ಟಿಯಾಗಿಯೇ ಇತ್ತು. ಏಳಲು ಗೋಡೆಗೆ ಕೈ ಚಾಚಿದರು. ಇಬ್ಬರೂ ಎರಡು ಕಡೆ ಹಿಡಿದು ಎತ್ತಬೇಕಾಯಿತು. ಒಳಗೆ ಕರೆದೊಯ್ಯುವಾಗ ಹೆಂಡತಿ, "ಪಕ್ಕದ ಮನೆಯವರು ಯಾವ ಕರೆಂಟೂ ಕದ್ದಿಲ್ಲ, ತಿಳೀತಾ? ಬರೀ ನಿಮ್ಮ ಅನುಮಾನ," ಎಂದು ಗದರಿಸಿದಳು. ಸಾಹೇಬರು ಅವಳ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದರು.

ಡ್ರಿಪ್ಪಿಗೆ ಹೋಗುವ ಹಿಂದಿನ ದಿನ ಭಾನುವಾರ. ತೊಟ್ಟಿಯ ಕಾಲು ಭಾಗ ನೀರು ತೆಗೆದು ಬೇರೆ ತುಂಬುವ ದಿನ. ಸೊಸೆ ಕೊಳವೆ ಹಿಡಿದು ಹಳೆಯ ನೀರನ್ನು ಬಕೆಟ್ಟಿಗೆ ಇಳಿಸಿ, ಸ್ಪಂಜನ್ನು ಆ ನೀರಲ್ಲೇ ಹಗುರವಾಗಿ ಹಿಂಡಿಕೊಟ್ಟು, ಹಿಡಿದಿಟ್ಟ ನೀರು ತರಲು ಒಳಗೆ ಹೋದಳು. ಕೊಳವೆಯ ಸೆಳೆತಕ್ಕೆ ಗಿಡವೊಂದು ಬೇರು ಕಿತ್ತು ಮೇಲೆ ತೇಲುತ್ತಿತ್ತು. ಹೊಟ್ಟೆಗೆ ಹೊಲಿಗೆ ಹಾಕಿದ್ದ ಜಾಗ ಎಳೆಯುವುದರಿಂದ ಸಾಹೇಬರಿಗೆ ಬಗ್ಗಲಾಗುತ್ತಿರಲಿಲ್ಲ.

"ಬಾರೇ ಇಲ್ಲಿ," ಎಂದು ಹೆಂಡತಿಯನ್ನು ಕರೆದರು. "ಇದನ್ನ ಕಲ್ಲೊಳಗೆ ಊರು."

"ನಾನಾ? ಬೇಡಪ್ಪ. ನನ್ನ ಕೈ ಒಳ್ಳೇದಲ್ಲ."

"ಬಾ ಅಂದ್ರೆ."

ಆಕೆ ಗೋಡೆಯ ಪಕ್ಕದಿಂದ ಸರಿದು ಮೇಜಿನ ಬಳಿಗೆ ಬಂದಳು. ಸಾಹೇಬರು ಅವಳ ಕೈಯನ್ನು ಎಳೆದುಕೊಂಡು ಮೂಗಿನ ಹತ್ತಿರ ತಂದು ಮೂಸಿ ನೋಡಿದರು. ಅಂಗೈ, ಮುಂಗೈ, ಬೆರಳ ಸಂದಿ, ಎಲ್ಲೂ ಸೋಪಿನ ಘಮವಿಲ್ಲ. ಆಮೇಲೆ ಅವಳ ರವಿಕೆಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ ಕೈಬಿಟ್ಟರು. ಆಕೆ ಗಿಡವನ್ನು ಹಿಡಿದು ತಳಕ್ಕಿಳಿಸಿ, ಬೇರಿನ ಸುತ್ತ ಕಲ್ಲು ಸರಿಸಿ ಒತ್ತಿದಳು. ಮೀನುಗಳು ಬೆದರಿ ಮೂಲೆಗೆ ಓಡಿದವು. ಸ್ವಲ್ಪ ಹೊತ್ತಿಗೆ ಒಂದು ಹೊರಬಂತು, ಅದರ ಹಿಂದೆ ಮಿಕ್ಕವು, ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಲು. ಗಿಡ ಊರಿ ಆಗಿತ್ತು. ಅವಳು ಕೈಯನ್ನು ನೀರಿನಲ್ಲೇ ಇಟ್ಟುಕೊಂಡು, ಅಲುಗಾಡದೆ ನಿಂತಳು.